ಲಕ್ಕಿ ಡ್ರಾ ಚೀಟಿಯೋ, ಕೈಯೆತ್ತಿ ಕೊಡುವ ಕಾಣಿಕೆಯೋ?

ಓದಿದ ವಾಕ್ಯಭಾಗಗಳು: 2 ಸಮುವೇಲ 24:18–25; ಯೆಹೋಶುವ 18:1–10; ಯೋಹಾನ 19:23–24; 2 ಕೊರಿಂಥ 8:1–15

ಸೆಖೆ ಇಷ್ಟು ಜೋರಿದ್ದರೂ ಭಟ್ಕಳ, ಹೊನ್ನಾವರ, ಕುಮಟಾ ಕಡೆಯಿಂದ ಬಸ್ಸು ಹತ್ತಿ ಬೆಳಕೆಗೆ ಬಂದಿದ್ದೀರಿ. ಕರ್ತನು ನಿಮ್ಮ ಬರುವಿಕೆಯನ್ನು ಆಶೀರ್ವದಿಸಲಿ.

ಈ ದಿನ ನಮ್ಮ ಸಭೆಯ ಮುಂದೆಯೇ ಇರುವ ಒಂದು ಪ್ರಶ್ನೆಯನ್ನು ತೆಗೆದುಕೊಂಡು ವಾಕ್ಯದ ಬೆಳಕಿನಲ್ಲಿ ನೋಡೋಣ. ನಿಮಗೆಲ್ಲ ಗೊತ್ತಿದೆ, ನಮ್ಮ ಒಬ್ಬ ಸಹೋದರರು ಚಿಕಿತ್ಸೆಯಲ್ಲಿದ್ದಾರೆ. ಬೋಟಿಗೆ ಹೋಗಿ ಮನೆ ನಡೆಸುತ್ತಿದ್ದವರು. ಪ್ರಸಂಗವನ್ನು ಬರೆದು ಹಾಕುವುದರಿಂದ ಹೆಸರು ಹೇಳುವುದಿಲ್ಲ. ಅವರಿಗಾಗಿ ಹಣ ಕೂಡಿಸಬೇಕು. ನಮ್ಮ ಯೌವನಸ್ಥರು ಒಂದು ಯೋಜನೆ ತಂದಿದ್ದಾರೆ: 100 ರೂಪಾಯಿಯ 2,000 ಚೀಟಿ ಅಚ್ಚು ಹಾಕಿಸುವುದು. ಮೊದಲ ಬಹುಮಾನ ಫ್ರಿಜ್ಜು, ಎರಡನೆಯದು ಟಿವಿ, ಮೂರನೆಯದು ಮಿಕ್ಸರ್, ಮತ್ತೆ ಹತ್ತು ಸಮಾಧಾನಕರ ಬಹುಮಾನ. ಒಂದು ಸಂಜೆ ಹಾಡು, ಸಾಕ್ಷಿ, ಆಮೇಲೆ ಡ್ರಾ.

ಮೊದಲು ಒಂದು ಮಾತು. ಈ ಹುಡುಗರ ಹೃದಯಕ್ಕಾಗಿ ನಾನು ದೇವರಿಗೆ ಸ್ತೋತ್ರ ಮಾಡುತ್ತೇನೆ. ಸಹೋದರರ ಕಷ್ಟ ನೋಡಿ ಸುಮ್ಮನೆ ಕೂರದೆ ಏನಾದರೂ ಮಾಡೋಣ ಅಂತ ಎದ್ದವರು ಅವರೇ. ಅವರು ಹೊಸದೇನೂ ತಂದಿಲ್ಲ. ನಮ್ಮ ಕರಾವಳಿಯಲ್ಲಿ ಗಣೇಶೋತ್ಸವಕ್ಕೆ, ಕ್ರಿಕೆಟ್ ಟೂರ್ನಮೆಂಟಿಗೆ, ಕಬಡ್ಡಿಗೆ, ಶಾಲೆಯ ವಾರ್ಷಿಕೋತ್ಸವಕ್ಕೆ ಲಕ್ಕಿ ಡಿಪ್ ಕೂಪನ್ ಮಾರುವುದು ಎಲ್ಲರೂ ಕಂಡದ್ದೇ. ಕೆಲವು ಚರ್ಚುಗಳ ಹಬ್ಬದಲ್ಲೂ ಹೌಸಿ, ಲಕ್ಕಿ ಡ್ರಾ ಉಂಟು. ಆದ್ದರಿಂದ ಯಾರನ್ನೂ ಬೈಯಲಿಕ್ಕೆ ನಾನು ಇಲ್ಲಿ ನಿಂತಿಲ್ಲ. ಪ್ರಶ್ನೆ ಇಷ್ಟೇ: ಒಬ್ಬ ಸಹೋದರನ ನೋವಿಗಾಗಿ ದೇವಜನರು ಹಣ ಕೂಡಿಸುವಾಗ ಅದೃಷ್ಟದ ಚೀಟಿ ಸರಿಯಾದ ದಾರಿಯಾ? ಉದ್ದೇಶ ಒಳ್ಳೆಯದಾದರೆ ದಾರಿ ಯಾವುದಾದರೂ ನಡೆಯುತ್ತದಾ?

ಒಂದು: ಚೀಟು ಹಾಕುವುದೆಲ್ಲ ಪಾಪವಾ?

ಕೆಲವರು ಕೂಡಲೇ ಹೇಳುತ್ತಾರೆ, "ಪಾಸ್ಟ್ರೇ, ಬೈಬಲಿನಲ್ಲೇ ಚೀಟು ಹಾಕಿದ್ದಾರಲ್ಲ." ಹೌದು, ಹಾಕಿದ್ದಾರೆ. ಯೆಹೋಶುವನು ಶೀಲೋವಿನಲ್ಲಿ ದೇವರ ಮುಂದೆ ಚೀಟು ಹಾಕಿ ಉಳಿದ ಏಳು ಕುಲಗಳಿಗೆ ನೆಲ ಹಂಚಿದನು. ಯೋನನು ಹತ್ತಿದ ಹಡಗಿನಲ್ಲಿ ನಾವಿಕರು ಚೀಟು ಹಾಕಿದರು. ಚೀಟಿನ ತೀರ್ಮಾನವೂ ಯೆಹೋವನ ಕೈಯಲ್ಲಿದೆ ಅಂತ ಜ್ಞಾನೋಕ್ತಿ 16:33 ತಿಳಿಸುತ್ತದೆ. ಯೂದನ ಸ್ಥಾನಕ್ಕೆ ಮತ್ತೀಯನನ್ನು ಆರಿಸಿದ್ದೂ ಹಾಗೆಯೇ.

ಆದರೆ ಶೀಲೋವಿನಲ್ಲಿ ಆದದ್ದನ್ನು ಸ್ವಲ್ಪ ನಿಧಾನವಾಗಿ ನೋಡಿ. ಅಲ್ಲಿ ಯಾರೂ ದುಡ್ಡು ಕಟ್ಟಿ ಚೀಟು ಕೊಂಡಿರಲಿಲ್ಲ. ಏಳು ಕುಲ, ಏಳು ಪಾಲು. ಎಲ್ಲರಿಗೂ ನೆಲ ಸಿಕ್ಕಿತು, ಬರಿಗೈಯಲ್ಲಿ ಮನೆಗೆ ಹೋದವರು ಒಬ್ಬರೂ ಇಲ್ಲ. ಚೀಟು ಅಲ್ಲಿ ಜಗಳ ಬಾರದ ಹಾಗೆ, ಪಕ್ಷಪಾತ ಆಗದ ಹಾಗೆ ಹಂಚುವ ಉಪಾಯ. ನಮ್ಮ ಊರಿನ ಹೆಂಗಸರು ಚೀಟಿ ನಡೆಸುತ್ತಾರಲ್ಲ, ಅದೂ ಕೆಲವು ಕಡೆ ಹೀಗೆ. ತಿಂಗಳಿಗೊಮ್ಮೆ ಹೆಸರು ಎತ್ತುತ್ತಾರೆ. ಯಾರಿಗೆ ಮೊದಲು, ಯಾರಿಗೆ ಆಮೇಲೆ ಅಂತ ಮಾತ್ರ ಚೀಟಿ ಹೇಳುತ್ತದೆ. ಕೊನೆಗೆ ಪ್ರತಿಯೊಬ್ಬರ ಹಣ ಅವರವರ ಕೈಗೇ ಬರುತ್ತದೆ. ಒಬ್ಬರ ನಷ್ಟ ಇನ್ನೊಬ್ಬರ ಲಾಭ ಆಗುವುದಿಲ್ಲ.

ಬೈಬಲಿನಲ್ಲಿ ಇನ್ನೊಂದು ಚೀಟು ಉಂಟು. ಗೊಲ್ಗೊಥಾದಲ್ಲಿ, ಶಿಲುಬೆಯ ಕೆಳಗೆ. ಸೈನಿಕರು ನಮ್ಮ ಕರ್ತನ ಬಟ್ಟೆಗಳನ್ನು ನಾಲ್ಕು ಪಾಲು ಮಾಡಿಕೊಂಡರು. ಒಳಂಗಿಗೆ ಹೊಲಿಗೆಯೇ ಇರಲಿಲ್ಲ, ಮೇಲಿನಿಂದ ಕೆಳಗಿನವರೆಗೆ ಒಂದೇ ನೇಯ್ಗೆ. ಹರಿದರೆ ಯಾರಿಗೂ ಪ್ರಯೋಜನ ಇಲ್ಲ ಅಂತ ಚೀಟು ಹಾಕಿದರು. ಒಬ್ಬನಿಗೆ ಪೂರ್ತಿ, ಮೂವರಿಗೆ ಏನೂ ಇಲ್ಲ. ಅವರ ತಲೆಯ ಮೇಲೆ ಒಬ್ಬ ಮನುಷ್ಯ ಪ್ರಾಣ ಬಿಡುತ್ತಿದ್ದಾನೆ. ಅವರ ಕಣ್ಣು ಅಂಗಿಯ ಮೇಲೆ.

ಹೋಲಿಕೆ ಪೂರ್ತಿ ಸರಿ ಹೊಂದುತ್ತದೆ ಅಂತ ನಾನು ಹೇಳುವುದಿಲ್ಲ. ಆ ಸೈನಿಕರಿಗೆ ಯೇಸುವಿನ ಮೇಲೆ ಕನಿಕರ ಇರಲಿಲ್ಲ, ನಮ್ಮ ಯೌವನಸ್ಥರಿಗೆ ಕನಿಕರ ಬೇಕಾದಷ್ಟಿದೆ. ಆದರೂ ಅಚ್ಚಾಗಲಿರುವ ಆ ಚೀಟಿಯನ್ನು ಒಮ್ಮೆ ಮನಸ್ಸಿನಲ್ಲಿ ಎತ್ತಿ ನೋಡಿ. ಒಂದು ಬದಿಯಲ್ಲಿ ಚಿಕಿತ್ಸೆಯ ಸಹಾಯಾರ್ಥ ಅಂತ ಬರೆದಿರುತ್ತದೆ. ಇನ್ನೊಂದು ಬದಿಯಲ್ಲಿ ಫ್ರಿಜ್ಜಿನ ಚಿತ್ರ. ಕೊಳ್ಳುವವರ ಕಣ್ಣು ಯಾವ ಬದಿಗೆ ಹೋಗುತ್ತದೆ? ಡ್ರಾ ಆದ ರಾತ್ರಿ ಮನೆಗೆ ಹೋಗುತ್ತಾ ಜನ ಏನು ಮಾತಾಡುತ್ತಾರೆ? "ಅವರು ಹೇಗಿದ್ದಾರೆ" ಅಂತಲಾ, "ಫ್ರಿಜ್ಜು ಯಾರಿಗೆ ಹೋಯ್ತು" ಅಂತಲಾ?

ಪೆಂತೆಕೊಸ್ತ ಸಭೆಯವರಾದ ನಾವು ಇನ್ನೊಂದು ವಿಷಯವನ್ನೂ ಗಮನಿಸಬೇಕು. ಮತ್ತೀಯನಿಗೆ ಚೀಟು ಬಿದ್ದದ್ದು ಅಪೊಸ್ತಲರ ಕೃತ್ಯಗಳು 1ನೇ ಅಧ್ಯಾಯದಲ್ಲಿ. ಪವಿತ್ರಾತ್ಮನು ಇಳಿದು ಬಂದದ್ದು 2ನೇ ಅಧ್ಯಾಯದಲ್ಲಿ. ಅದರ ನಂತರ ಹೊಸ ಒಡಂಬಡಿಕೆಯ ಸಭೆ ಚೀಟು ಹಾಕಿ ಏನನ್ನಾದರೂ ತೀರ್ಮಾನಿಸಿತು ಅಂತ ಒಂದು ಕಡೆಯೂ ಬರೆದಿಲ್ಲ. ಆತ್ಮನು ಬಂದ ಕೂಡಲೇ ಆ ಸಭೆಯ ಹಣದ ವಿಷಯದಲ್ಲಿ ಆದದ್ದೇನು? ಇದ್ದವರು ಇದ್ದದ್ದನ್ನು ಮಾರಿ ತಂದರು, ಕೊರತೆಯಿದ್ದವರಿಗೆ ಹಂಚಿದರು. ಆತ್ಮನು ತುಂಬಿದ ಸಭೆಯ ಗುರುತಾಗಿ ಲೂಕನು ಭಾಷೆಗಳನ್ನು ಬರೆದ ಅದೇ ಅಧ್ಯಾಯದಲ್ಲಿ ಇದನ್ನೂ ಬರೆದಿದ್ದಾನೆ. ಭಾಷೆಗೆ ಹಲ್ಲೆಲೂಯಾ ಹೇಳುವ ನಾವು ಇದಕ್ಕೂ ಹಲ್ಲೆಲೂಯಾ ಹೇಳಬೇಕಲ್ಲವಾ?

ಎರಡು: ನೂರು ರೂಪಾಯಿಯ ಲೆಕ್ಕ

ಈಗ ಸ್ವಲ್ಪ ಲೆಕ್ಕ. 2,000 ಚೀಟಿ, ಒಂದಕ್ಕೆ 100 ರೂಪಾಯಿ. ಎಲ್ಲ ಮಾರಿದರೆ 2,00,000. ಬಹುಮಾನಗಳಿಗೆ 60,000 ಅಂತ ಇಟ್ಟುಕೊಳ್ಳಿ. ಅಚ್ಚು, ಮೈಕು, ಶಾಮಿಯಾನ, ಚಾ ತಿಂಡಿ 15,000. ಉಳಿಯುವುದು 1,25,000. ಅಂದರೆ ಒಬ್ಬ ತಾಯಿ ಕೊಟ್ಟ ನೂರರಲ್ಲಿ ಸಹೋದರರಿಗೆ ಮುಟ್ಟುವುದು 62 ರೂಪಾಯಿ 50 ಪೈಸೆ. ಬಹುಮಾನ ಸಿಗುವುದು 13 ಜನರಿಗೆ. 1,987 ಚೀಟಿ ಕಸದ ಬುಟ್ಟಿಗೆ.

"ಪಾಸ್ಟ್ರೇ, ಫ್ರಿಜ್ಜನ್ನು ಯಾರಾದರೂ ದಾನವಾಗಿ ಕೊಟ್ಟರೆ?" ಅಂತ ಒಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ಹಾಗೆ ಕೊಡುವ ಮನಸ್ಸಿನವರು ಇದ್ದರೆ ಆ ಫ್ರಿಜ್ಜಿನ ಹಣವನ್ನೇ ಆಸ್ಪತ್ರೆಗೆ ಕೊಡಲಿ. ಫ್ರಿಜ್ಜು ನಡುವೆ ಬಂದು ಮಾಡಬೇಕಾದ ಕೆಲಸ ಏನಿದೆ?

ಇನ್ನೊಬ್ಬರು ಹೇಳಿದರು, "ಬಹುಮಾನಕ್ಕಾಗಿ ಯಾರು ಕೊಳ್ಳುತ್ತಾರೆ? ಎಲ್ಲರೂ ಸಹಾಯ ಅಂತಲೇ ಕೊಡುತ್ತಾರೆ." ಇದು ನಿಜ ಆಗಿರಲಿ ಅಂತ ನನಗೂ ಆಸೆ. ಪರೀಕ್ಷೆ ಮಾಡುವುದು ಸುಲಭ. ಬಹುಮಾನವನ್ನು ತೆಗೆದುಬಿಡಿ. ಆಗಲೂ ಆ ನೂರು ರೂಪಾಯಿ ಬರುವುದಾದರೆ ಬಹುಮಾನ ಬೇಕಾಗಿರಲಿಲ್ಲ. ಬಾರದೆ ಹೋದರೆ, ಮೊದಲು ಬಂದ ನೂರು ದಾನ ಆಗಿರಲಿಲ್ಲ, ಫ್ರಿಜ್ಜಿನ ಮೇಲೆ ಇಟ್ಟ ಪಣ ಆಗಿತ್ತು. ಈ ಎರಡರ ನಡುವೆ ಮೂರನೆಯ ಉತ್ತರ ಹುಡುಕಿದೆ, ನನಗೆ ಸಿಗಲಿಲ್ಲ. ಸ್ವಲ್ಪ ದಾನ, ಸ್ವಲ್ಪ ಆಸೆ, ಎರಡೂ ಬೆರೆತದ್ದು ಅಂತ ಹೇಳಬಹುದು. ಮನುಷ್ಯರ ಹೃದಯ ಹಾಗೇ ಇರುತ್ತದೆ, ಒಪ್ಪುತ್ತೇನೆ. ಆದರೆ ಸಭೆಯ ಕೆಲಸ ಆ ಹೃದಯದಲ್ಲಿರುವ ದಾನವನ್ನು ಬೆಳೆಸುವುದೋ, ಆಸೆಗೆ ನೀರು ಹೊಯ್ಯುವುದೋ?

ಪ್ರಿಯರೇ, ಮಾರಾಟ ತಪ್ಪಲ್ಲ. ನಮ್ಮ ಅಕ್ಕಂದಿರು ಉಪ್ಪಿನಕಾಯಿ ಮಾಡಿ ಮಾರಿದರೆ, ಕೊಂಡವನಿಗೆ ಉಪ್ಪಿನಕಾಯಿ ಸಿಗುತ್ತದೆ. ಕರಾವಳಿಯ ಎಷ್ಟೋ ಸಭೆಗಳಲ್ಲಿ ಬೆಳೆಹಬ್ಬದ ದಿನ ತೆಂಗಿನಕಾಯಿ, ಕುಂಬಳಕಾಯಿ, ಕೋಳಿ ಏಲಂ ಹಾಕುತ್ತಾರೆ. ಒಬ್ಬರು 30 ರೂಪಾಯಿಯ ಸೌತೆಕಾಯಿಗೆ 500 ಕೂಗುತ್ತಾರೆ. ಅದರಲ್ಲೂ ದೊಡ್ಡಸ್ತಿಕೆಯ ಅಪಾಯ ಉಂಟು. ಆದರೆ ಕೂಗಿದವರಿಗೆ ತಾವೇನು ಕೊಡುತ್ತಿದ್ದೇವೆ ಅಂತ ಸ್ಪಷ್ಟ ಗೊತ್ತು: 30 ತರಕಾರಿಗೆ, 470 ದೇವರಿಗೆ. ಲಕ್ಕಿ ಡ್ರಾ ಮಾತ್ರ ಕೊಡುವವನಿಗೆ "ನಿನ್ನದು ಹೋಗಲಿಕ್ಕಿಲ್ಲ, ಇಮ್ಮಡಿ, ಮುನ್ನೂರು ಪಟ್ಟು ಆಗಿ ಬಂದೀತು" ಅಂತ ಕಿವಿಯಲ್ಲಿ ಹೇಳುತ್ತದೆ. ಕೊಡುವ ಕೈಯನ್ನು ತೆಗೆದುಕೊಳ್ಳುವ ಕೈಯಾಗಿ ತಿರುಗಿಸುತ್ತದೆ.

ಮೂರು: ಯಾರ ಜೇಬು?

ಈ ಚೀಟಿ ಯಾವ ತಿಂಗಳಲ್ಲಿ ಮಾರಬೇಕು ಅಂತ ಇದ್ದೇವೆ? ಜೂನ್, ಜುಲೈ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ನಮ್ಮಲ್ಲಿ ಅರ್ಧ ಮನೆಗಳ ಅನ್ನ ಆ ಬೋಟಿನಿಂದಲೇ. ಆ ಎರಡು ತಿಂಗಳು ಅಂಗಡಿಯಲ್ಲಿ ಸಾಲ ಬರೆಸುವವರು, ಕಿವಿಯ ಓಲೆ ಅಡವಿಡುವವರು ಯಾರು ಅಂತ ಇಲ್ಲಿ ಕೂತವರಿಗೆ ಗೊತ್ತು. ಅದೇ ತಿಂಗಳು ಶಾಲೆ ಶುರು, ಪುಸ್ತಕ, ಛತ್ರಿ, ಫೀಸು. ಇರುವವನು ಒಂದು ಚೀಟಿ ಕೊಂಡು ಮರೆತುಬಿಡುತ್ತಾನೆ. ಇಲ್ಲದವನೇ ಐದು ಕೊಳ್ಳುತ್ತಾನೆ, ಯಾಕಂದರೆ ಫ್ರಿಜ್ಜು ಬಂದರೆ ಮಾರಿಯಾದರೂ ಸಾಲ ತೀರಿಸಬಹುದು ಅಂತ ಅವನ ಲೆಕ್ಕ.

ಒಬ್ಬ ಸಹೋದರಿ ಉಪವಾಸ ಪ್ರಾರ್ಥನೆಯ ದಿನ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು: "ಪಾಸ್ಟ್ರೇ, ನಮ್ಮನೆಯವರು ಓಸಿ ಬಿಟ್ಟು ಎರಡು ವರ್ಷ ಆಯ್ತು. ಕರ್ತನೇ ಬಿಡಿಸಿದ್ದು. ಈಗ ಸಭೆಯಿಂದಲೇ ಚೀಟಿ ಮನೆಗೆ ಬಂದ್ರೆ ನಾನು ಏನಂತ ಹೇಳ್ಲಿ?"

ಓಸಿ ಅಂದರೇನು ಅಂತ ನಮ್ಮ ಕಡೆಯವರಿಗೆ ವಿವರಿಸಬೇಕಾಗಿಲ್ಲ. ಓಪನ್, ಕ್ಲೋಸ್. ಒಂದು ಕಾಲದಲ್ಲಿ ಮುಂಬಯಿಯಲ್ಲಿ ನ್ಯೂಯಾರ್ಕಿನ ಹತ್ತಿಯ ದರ ಎಷ್ಟಕ್ಕೆ ತೆರೆಯುತ್ತದೆ, ಎಷ್ಟಕ್ಕೆ ಮುಚ್ಚುತ್ತದೆ ಅಂತ ಪಣ ಕಟ್ಟುತ್ತಿದ್ದರು. ಆಮೇಲೆ ಹತ್ತಿ ಹೋಯಿತು, ಅಂಕಿ ಮಾತ್ರ ಉಳಿಯಿತು. ಅದು ಮಟಕಾ ಆಗಿ ನಮ್ಮ ಚಾ ಅಂಗಡಿ, ಗೂಡಂಗಡಿಗಳವರೆಗೂ ಬಂತು. ನಮ್ಮ ರಾಜ್ಯದಲ್ಲಿ ಲಾಟರಿಯೂ ಇತ್ತು. ನನ್ನ ವಯಸ್ಸಿನವರಿಗೆ ಬಸ್‌ಸ್ಟ್ಯಾಂಡಿನ ಲಾಟರಿ ಅಂಗಡಿಗಳು, ಒಂದಂಕಿ ಲಾಟರಿಯ ಹುಚ್ಚು ನೆನಪಿರಬಹುದು. ಕೂಲಿ ಸಿಕ್ಕಿದ ಸಂಜೆಯೇ ಕೂಲಿ ಖಾಲಿ. 2007ರಲ್ಲಿ ಎಚ್.ಡಿ. ಕುಮಾರಸ್ವಾಮಿಯವರು ಮುಖ್ಯಮಂತ್ರಿಯಾಗಿದ್ದಾಗ ಕರ್ನಾಟಕದಲ್ಲಿ ಲಾಟರಿ ನಿಷೇಧ ಆಯಿತು. ಸರಕಾರವೇ ತನಗೆ ಬರುತ್ತಿದ್ದ ಆದಾಯ ಬಿಟ್ಟು ಮುಚ್ಚಿದ ಬಾಗಿಲನ್ನು ದೇವರ ಸಭೆ ತೆರೆಯಬೇಕಾ?

ಬಲವುಳ್ಳವನ ಸ್ವಾತಂತ್ರ್ಯ ಬಲಹೀನನಿಗೆ ಎಡವುವ ಕಲ್ಲು ಆಗಬಾರದು ಅಂತ ಪೌಲನು 1 ಕೊರಿಂಥ 8ರಲ್ಲಿ ಬರೆಯುತ್ತಾನೆ. ನಿಮಗೆ ಒಂದು ಚೀಟಿ ಏನೂ ಅಲ್ಲದಿರಬಹುದು. ಕುಡಿತ ಬಿಟ್ಟವನಿಗೆ "ಬರೀ ಒಂದು ಗ್ಲಾಸು, ಒಳ್ಳೇ ಕಾರ್ಯಕ್ಕೆ" ಅಂತ ಯಾರಾದರೂ ಕೊಡುತ್ತಾರಾ? ಓಸಿ ಬಿಟ್ಟವನಿಗೆ ಚೀಟಿಯೂ ಅಷ್ಟೇ.

ಮಕ್ಕಳ ಮಾತೂ ಹೇಳಬೇಕು. ಇಂಥ ಚೀಟಿಪುಸ್ತಕ ಕೊನೆಗೆ ಯಾರ ಕೈಗೆ ಬರುತ್ತದೆ? ಸಂಡೇ ಸ್ಕೂಲ್ ಮಕ್ಕಳ ಕೈಗೆ. ಮುದ್ದು ಮುಖ ನೋಡಿ ಜನ ಇಲ್ಲ ಅನ್ನುವುದಿಲ್ಲ ಅಂತ. ಬೆಳಿಗ್ಗೆ ವಿಧವೆಯ ಎರಡು ಕಾಸಿನ ಕಥೆ ಕಲಿತ ಮಗು ಮಧ್ಯಾಹ್ನ ಮನೆಮನೆಗೆ ಹೋಗಿ "ಆಂಟಿ, ಫ್ರಿಜ್ಜು ಬರ್ತದೆ, ತಗೊಳ್ಳಿ" ಅಂತ ಹೇಳಿದರೆ ಆ ಮಗುವಿನೊಳಗೆ ಯಾವ ಪಾಠ ಉಳಿಯುತ್ತದೆ?

ನೆರೆಯವರ ಮುಂದೆ ನಮ್ಮ ಸಾಕ್ಷಿಯೂ ಉಂಟು. ಭಟ್ಕಳದ ಮುಸ್ಲಿಂ ಸಹೋದರರ ಮನೆಗೆ ಈ ಚೀಟಿ ಒಯ್ದರೆ ಅವರು ಏನು ಹೇಳುತ್ತಾರೆ? ಅವರ ಖುರಾನಿನಲ್ಲಿ ಮದ್ಯವನ್ನೂ ಜೂಜನ್ನೂ ಒಟ್ಟಿಗೇ ನಿಷೇಧಿಸಿದೆ. ಎಷ್ಟೋ ಮಂದಿ ಚೀಟಿ ಬೇಡ, ಹಣ ಮಾತ್ರ ತಗೊಳ್ಳಿ ಅನ್ನಬಹುದು. ಆಗ ತಲೆ ತಗ್ಗಿಸಬೇಕಾದವರು ನಾವೇ. ಹಿಂದೂ ನೆರೆಯವರೂ ಯಕ್ಷಗಾನದಲ್ಲಿ ಧರ್ಮರಾಯನು ಪಗಡೆಯಾಟದಲ್ಲಿ ರಾಜ್ಯ, ತಮ್ಮಂದಿರು, ಹೆಂಡತಿ ಎಲ್ಲವನ್ನೂ ಕಳೆದುಕೊಂಡದ್ದನ್ನು ರಾತ್ರಿಯಿಡೀ ಕೂತು ನೋಡಿದವರು. ಜೂಜು ಒಳ್ಳೆಯವನನ್ನೂ ಬಿಡುವುದಿಲ್ಲ ಅಂತ ಅವರಿಗೆ ನಾವು ಹೇಳಿಕೊಡಬೇಕಾಗಿಲ್ಲ.

ಕಾನೂನಿನ ಮಾತು ಚಿಕ್ಕದಾಗಿ ಹೇಳುತ್ತೇನೆ. ಸರಕಾರದ್ದಲ್ಲದ, ಸರಕಾರದ ಅನುಮತಿಯೂ ಇಲ್ಲದ ಲಾಟರಿಯ ಡ್ರಾ ನಡೆಸಲು ಕಚೇರಿ ಅಥವಾ ಸ್ಥಳ ಇಟ್ಟುಕೊಳ್ಳುವುದು ಅಪರಾಧ. ಹಿಂದೆ ಭಾರತೀಯ ದಂಡ ಸಂಹಿತೆಯ 294ಎ ಕಲಂ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 297ನೇ ಕಲಂ. ಆರು ತಿಂಗಳವರೆಗೆ ಶಿಕ್ಷೆ ಆಗಬಹುದು. ಎಲ್ಲರೂ ಮಾಡುತ್ತಾರೆ, ಯಾರೂ ಕೇಳುವುದಿಲ್ಲ ಅನ್ನಬಹುದು. ಯಾರೂ ಕೇಳುವುದಿಲ್ಲ ಅನ್ನುವುದು ದೇವರ ಮಕ್ಕಳು ಕೊಡುವ ಉತ್ತರ ಅಲ್ಲ.

ನಾಲ್ಕು: ಲಾಟರಿಯಿಂದ ಒಳ್ಳೆಯದು ಆಗಿಲ್ಲವಾ?

ಇಲ್ಲಿ ನಾನು ಎದುರು ವಾದವನ್ನು ಅದರ ಪೂರ್ತಿ ಬಲದಲ್ಲೇ ಇಡಬೇಕು. ಲಾಟರಿ ಹಣದಿಂದ ಒಳ್ಳೆಯ ಕೆಲಸ ಆಗಿದೆ. ಕಲ್ಕತ್ತಾದ ಟೌನ್ ಹಾಲ್ 1813ರಲ್ಲಿ ಕಟ್ಟಿದ್ದು ಲಾಟರಿ ಹಣದಿಂದ. 1817ರಿಂದ ಅಲ್ಲಿ ಲಾಟರಿ ಕಮಿಟಿ ಅಂತಲೇ ಇದ್ದು ಊರಿನ ರಸ್ತೆಗಳನ್ನು ಮಾಡಿಸಿತು. ನಮ್ಮ ಪಕ್ಕದ ಕೇರಳದಲ್ಲಿ 1967ರಲ್ಲಿ ಸರಕಾರವೇ ಲಾಟರಿ ಶುರು ಮಾಡಿತು. 1968ರ ಜನವರಿ 26ಕ್ಕೆ ಮೊದಲ ಡ್ರಾ, ಟಿಕೆಟ್ಟಿಗೆ ಒಂದು ರೂಪಾಯಿ, ಮೊದಲ ಬಹುಮಾನ 50,000. ಇವತ್ತಿಗೂ ತಲಪಾಡಿ ಗಡಿ ದಾಟಿದರೆ ಲಾಟರಿ ಅಂಗಡಿ ಕಾಣುತ್ತದೆ. ಅಲ್ಲಿ ಕೆ.ಎಂ. ಮಾಣಿಯವರು ಹಣಕಾಸು ಮಂತ್ರಿಯಾಗಿದ್ದಾಗ ಕಾರುಣ್ಯ ಅನ್ನುವ ಹೆಸರಿನಲ್ಲೇ ಲಾಟರಿ ತಂದು, ಅದರ ಹಣದಿಂದ ಬಡವರ ಕ್ಯಾನ್ಸರ್, ಹೃದಯ, ಕಿಡ್ನಿ ಕಾಯಿಲೆಗಳ ಚಿಕಿತ್ಸೆಗೆ ನಿಧಿ ಮಾಡಿದರು. ಬದುಕಿದವರು ಇದ್ದಾರೆ. ಅವರ ಮನೆಯವರ ಮುಂದೆ ನಿಂತು "ಆ ಹಣ ತೆಗೆದುಕೊಳ್ಳಬಾರದಿತ್ತು" ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ.

ಕಥೋಲಿಕ ಸಭೆಯ ಧರ್ಮೋಪದೇಶವೂ ಅದೃಷ್ಟದ ಆಟ ತನ್ನಷ್ಟಕ್ಕೇ ಅನ್ಯಾಯ ಅಲ್ಲ, ಒಬ್ಬನ ಮತ್ತು ಅವನ ಮನೆಯವರ ಅಗತ್ಯವನ್ನು ಕಸಿದುಕೊಂಡಾಗ ಅದು ತಪ್ಪು ಅಂತ ಹೇಳುತ್ತದೆ. ತೂಕದ ಮಾತು. ಅದನ್ನೇ ಅಳತೆಗೋಲಾಗಿ ಹಿಡಿದರೂ, ಜೂನ್ ತಿಂಗಳ ಮೀನುಗಾರರ ಮನೆಯಲ್ಲಿ ನಮ್ಮ ಚೀಟಿ ಯಾವ ಬದಿಗೆ ಬೀಳುತ್ತದೆ ಅಂತ ನೀವೇ ಯೋಚಿಸಿ.

ಸರಕಾರ ಒಂದು ರಾಜ್ಯವನ್ನು ನಡೆಸಬೇಕು. ಅದಕ್ಕೆ ಬೇಕಾದದ್ದು ಹಣ. ಕೊಟ್ಟವನ ಹೃದಯ ಏನಾಯಿತು ಅಂತ ಅದು ಕೇಳುವುದಿಲ್ಲ. ಸಭೆ ಕೇಳಲೇಬೇಕು. ಯೇಸು ಕಾಣಿಕೆ ಪೆಟ್ಟಿಗೆಯ ಎದುರು ಕೂತು ನೋಡಿದನು ಅಂತ ಮಾರ್ಕ 12ರಲ್ಲಿ ಇದೆ. ಎಷ್ಟು ಬಿತ್ತು ಅಂತ ಮಾತ್ರ ನೋಡಿದ್ದರೆ ಆ ವಿಧವೆ ಆತನ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ಒಂದು ಉದಾಹರಣೆ ಕೊಡುತ್ತೇನೆ. ರಕ್ತ. ನಮ್ಮ ದೇಶದಲ್ಲಿ ಮೊದಲು ಹಣಕ್ಕಾಗಿ ರಕ್ತ ಕೊಡುವವರು ಇದ್ದರು. ಸುಪ್ರೀಂ ಕೋರ್ಟಿನ 1996ರ ತೀರ್ಪಿನ ಮೇಲೆ 1998ರ ಜನವರಿ 1ರಿಂದ ಅದನ್ನು ನಿಲ್ಲಿಸಿದರು. ರಕ್ತ ಕೊಟ್ಟವರಿಗೆ ಲಕ್ಕಿ ಡ್ರಾ ಇಡೋಣ ಅಂತ ನಾವು ಯಾರೂ ಯೋಚಿಸುವುದಿಲ್ಲ. ಕೇಳಿದರೇ ಒಂಥರಾ ಆಗುತ್ತದೆ. ನಮ್ಮ ಸಹೋದರರಿಗೆ ರಕ್ತ ಬೇಕು ಅಂದಾಗ ಇದೇ ಹುಡುಗರು ಬೈಕ್ ಹತ್ತಿ ಮಣಿಪಾಲಕ್ಕೆ ಹೋದರು. ಯಾರೂ "ನನಗೇನು ಸಿಗ್ತದೆ" ಅಂತ ಕೇಳಲಿಲ್ಲ. ರಕ್ತವನ್ನು ಹಾಗೆ ಕೊಡಬಲ್ಲ ಸಭೆ ನೂರು ರೂಪಾಯಿಯನ್ನು ಹಾಗೆ ಕೊಡಲಾರದಾ?

ಐದು: ಕೇಳುವ ನಾಚಿಕೆ

ಹಾಗಾದರೆ ನಮಗೆ ಚೀಟಿ ಯಾಕೆ ಬೇಕೆನಿಸುತ್ತದೆ? ಕಾರಣ ದುರಾಸೆ ಅಂತ ನನಗೆ ಅನಿಸುವುದಿಲ್ಲ. ಕಾರಣ ನಾಚಿಕೆ. ಒಬ್ಬರ ಬಾಗಿಲಲ್ಲಿ ನಿಂತು "ನಮ್ಮವರಿಗೆ ಕಷ್ಟ ಇದೆ, ಸಹಾಯ ಮಾಡಿ" ಅನ್ನುವುದು ಸುಲಭ ಅಲ್ಲ. ಕೈಯಲ್ಲಿ ಚೀಟಿ ಇದ್ದರೆ ನಾವು ಬೇಡುವವರಲ್ಲ, ಮಾರುವವರು. ಕೊಡುವವರಿಗೂ ಉಪಕಾರದ ಭಾರ ಇಲ್ಲ, ಪಡೆಯುವವರಿಗೂ ಋಣದ ಭಾರ ಇಲ್ಲ. ಎಲ್ಲರ ಮುಖವೂ ಉಳಿಯುತ್ತದೆ. ಇದು ಸಣ್ಣ ವಿಷಯ ಅಲ್ಲ, ಮರ್ಯಾದೆಗೆ ಬದುಕುವ ನಮ್ಮ ಊರಲ್ಲಂತೂ ಅಲ್ಲ.

ಆದರೆ ಆ ಭಾರವೇ ನಮ್ಮನ್ನು ಒಬ್ಬರಿಗೊಬ್ಬರು ಕಟ್ಟುವುದು. ಒಬ್ಬರ ಭಾರ ಒಬ್ಬರು ಹೊರುವುದು ಕ್ರಿಸ್ತನ ನಿಯಮ ಅಂತ ಗಲಾತ್ಯ 6ರಲ್ಲಿ ಇದೆ. ಚೀಟಿ ಆ ಭಾರವನ್ನೇ ತೆಗೆದುಬಿಡುತ್ತದೆ. ಪೌಲನು ಯೆರೂಸಲೇಮಿನ ಬಡ ಸಂತರಿಗಾಗಿ ಹಣ ಕೂಡಿಸಿದನಲ್ಲ, ಅವನು ನಾಚಲಿಲ್ಲ. ನೇರವಾಗಿ ಪತ್ರ ಬರೆದು ಕೇಳಿದನು. ಮಕೆದೋನ್ಯದವರು ತಾವೇ ಕಡುಬಡತನದಲ್ಲಿದ್ದರೂ ಈ ಸೇವೆಯಲ್ಲಿ ನಮಗೂ ಪಾಲು ಕೊಡಿ ಅಂತ ಬೇಡಿಕೊಂಡರು ಅಂತ ಬರೆದನು. ಗಮನಿಸಿ: ಬೇಡಿಕೊಂಡವರು ಕೊಡುವವರು! ಇಲ್ಲದ್ದನ್ನು ಅಲ್ಲ, ಇದ್ದದ್ದರ ಪ್ರಕಾರ ಕೊಡಿ, ಅದನ್ನೇ ದೇವರು ಮೆಚ್ಚುತ್ತಾನೆ ಅಂದನು. ಹಣ ಒಯ್ಯುವಾಗ ಯಾರೂ ಬೊಟ್ಟು ಮಾಡದ ಹಾಗೆ ತೀತನ ಜೊತೆ ಬೇರೆ ಸಹೋದರರನ್ನೂ ಕಳುಹಿಸಿದನು. ಬಾಯಿಬಿಟ್ಟು ಕೇಳುವುದು, ಶಕ್ತಿಯಿದ್ದಷ್ಟು ಕೊಡುವುದು, ಲೆಕ್ಕ ಬಿಚ್ಚಿಡುವುದು. ಬಹುಮಾನ ಎಲ್ಲೂ ಇಲ್ಲ.

ಆರು: ಖರ್ಚಿಲ್ಲದ ಯಜ್ಞ

ಈಗ ದಾವೀದನ ಹತ್ತಿರ ಬರೋಣ. ದೇಶದಲ್ಲಿ ಮರಣವ್ಯಾಧಿ. ಅರೌನನ ಕಣದಲ್ಲಿ ಯಜ್ಞವೇದಿ ಕಟ್ಟಬೇಕು. ಅರೌನನು ಕಣ, ಎತ್ತು, ಸೌದೆ ಎಲ್ಲವನ್ನೂ ಪುಕ್ಕಟೆ ಕೊಡುತ್ತೇನೆ ಅಂದನು. ಜನ ಸಾಯುತ್ತಿದ್ದಾರೆ, ಸಮಯ ಇಲ್ಲ, ಉದ್ದೇಶವೂ ಒಳ್ಳೆಯದು. ತೆಗೆದುಕೊಳ್ಳಬಹುದಿತ್ತು. ದಾವೀದನು ಒಪ್ಪಲಿಲ್ಲ. ತನಗೆ ಏನೂ ಖರ್ಚಾಗದ ಯಜ್ಞವನ್ನು ದೇವರಿಗೆ ಅರ್ಪಿಸಲಾರೆ ಅಂದು 50 ಶೆಕೆಲ್ ಬೆಳ್ಳಿ ಎಣಿಸಿ ಕೊಟ್ಟನು.

ನನ್ನ ಮನಸ್ಸಿಗೆ ಚುಚ್ಚಿದ್ದು ಇದೇ. ಲಕ್ಕಿ ಡ್ರಾದ ಮೂಲ ತೊಂದರೆ ಅದೃಷ್ಟದ ಚೀಟಿಯಲ್ಲೂ ಇಲ್ಲ, ಫ್ರಿಜ್ಜಿನಲ್ಲೂ ಇಲ್ಲ. ಅದು ಎಲ್ಲರಿಗೂ ಖರ್ಚಿಲ್ಲದ ಯಜ್ಞದ ಆಸೆ ತೋರಿಸುತ್ತದೆ. ಕೊಳ್ಳುವವನಿಗೆ, ಕೊಟ್ಟದ್ದು ತಿರುಗಿ ಬರಬಹುದು ಅಂತ. ಸಭೆಗೆ, ನಮ್ಮ ಪೆಟ್ಟಿಗೆ ಮುಟ್ಟದೆ ಬೇರೆಯವರ ಜೇಬಿನಿಂದ ಕೆಲಸ ಆಗಬಹುದು ಅಂತ.

ನಮ್ಮ ಪೆಟ್ಟಿಗೆ ಅಂದೆ. ನಮ್ಮ ಪ್ರಾರ್ಥನಾಲಯದ ಮಾಡಿನ ಶೀಟು ಬದಲಿಸಬೇಕು ಅಂತ ಎರಡು ವರ್ಷದಿಂದ ಕೂಡಿಸಿದ ಹಣ ಬ್ಯಾಂಕಿನಲ್ಲಿ ಇದೆ. ಅದನ್ನು ಮುಟ್ಟುವ ಮಾತು ಇಷ್ಟು ದಿನ ಯಾರೂ ಎತ್ತಲಿಲ್ಲ. ಅದು ದೇವರ ಆಲಯಕ್ಕಾಗಿ ತೆಗೆದಿಟ್ಟದ್ದು, ನಿಜ. ಆದರೆ ಅದೇ ದೇವರು ನಮ್ಮ ಸಹೋದರರ ಶರೀರವನ್ನೂ ತನ್ನ ಆಲಯ ಅಂತ ಕರೆದಿದ್ದಾನೆ. ಶೀಟಿನ ಆಲಯ ಸೋರಿದರೆ ಬಕೆಟ್ ಇಡಬಹುದು. ಆ ಆಲಯ ಬಿದ್ದರೆ ಏನಿಡುತ್ತೀರಿ?

ಆದ್ದರಿಂದ ಸಭೆಯ ಹಿರಿಯರೊಂದಿಗೆ ಪ್ರಾರ್ಥಿಸಿ, ಮಾತಾಡಿ, ಈ ಮಾತನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು, ಮಾಡಿನ ನಿಧಿಯನ್ನು ಚಿಕಿತ್ಸೆಗೆ ಕೊಡೋಣ. ಈ ಮಳೆಗಾಲವೂ ಟಾರ್ಪಾಲು ಕಟ್ಟಿ ಆರಾಧನೆ ಮಾಡೋಣ. ಹನಿ ಬಿದ್ದಾಗಲೆಲ್ಲ ಸಹೋದರರಿಗಾಗಿ ಪ್ರಾರ್ಥಿಸಲು ನೆನಪಾಗಲಿ.

ಎರಡನೆಯದು, 1 ಕೊರಿಂಥ 16ರಲ್ಲಿ ಹೇಳಿದ ಹಾಗೆ ವಾರದ ಮೊದಲ ದಿನ ಅವರವರ ಶಕ್ತಿಗೆ ತಕ್ಕಂತೆ ತೆಗೆದಿಡೋಣ. ಎಂಟು ಭಾನುವಾರ, ಹೆಸರಿಲ್ಲದ ಲಕೋಟೆ. ಹತ್ತು ರೂಪಾಯಿ ಹಾಕಿದವರು ಯಾರು, ಸಾವಿರ ಹಾಕಿದವರು ಯಾರು ಅಂತ ಮೈಕಿನಲ್ಲಿ ಓದುವುದಿಲ್ಲ. ಹಣ ಇಲ್ಲದವರು ಅಕ್ಕಿ ತನ್ನಿ, ತೆಂಗಿನಕಾಯಿ ತನ್ನಿ. ಮಲ್ಲಿಗೆ ಬೆಳೆಯುವ ಅಕ್ಕಂದಿರು ಒಂದು ದಿನದ ಮಲ್ಲಿಗೆಯ ಹಣ ಕೊಡಬಹುದು. ಏನೂ ಇಲ್ಲದವರು ಒಂದು ರಾತ್ರಿ ಆಸ್ಪತ್ರೆಯಲ್ಲಿ ಅವರ ಹತ್ತಿರ ಕೂತರೆ ಅವರ ಹೆಂಡತಿ ಒಂದು ರಾತ್ರಿ ಮಲಗಿಯಾರು. ಬೋಟಿಲ್ಲದೆ ಕಷ್ಟದಲ್ಲಿರುವ ಮನೆಯವರು ಕೊಡದಿದ್ದರೆ ದಯಮಾಡಿ ನಾಚಬೇಡಿ. ಇಲ್ಲದ್ದನ್ನು ದೇವರು ಕೇಳುವುದಿಲ್ಲ.

ಮೂರನೆಯದು, ಲೆಕ್ಕ. ಆಸ್ಪತ್ರೆಯ ಅಂದಾಜು, ಬಂದ ಹಣ, ಕೊಟ್ಟ ಹಣ, ಪ್ರತಿ ಭಾನುವಾರ ಬಾಗಿಲ ಹತ್ತಿರದ ಬೋರ್ಡಿನಲ್ಲಿ ಬರೆಯುತ್ತೇವೆ. ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆಯ ಸೌಲಭ್ಯ ಉಂಟು. ಅದರ ಕಾಗದಪತ್ರದ ಓಡಾಟ ಯೌವನಸ್ಥರು ವಹಿಸಿಕೊಳ್ಳಲಿ. ಚೀಟಿ ಮಾರಲು ಮನೆಮನೆ ತಿರುಗಲಿದ್ದ ಕಾಲುಗಳು ಕಚೇರಿಗೆ ತಿರುಗಲಿ. ನೆರೆಯವರು ಕೇಳಿದರೆ ವಿಷಯ ಹೇಳಿ. ಕೊಟ್ಟರೆ ಯಾವ ಜಾತಿ, ಯಾವ ಧರ್ಮ ಅಂತ ನೋಡದೆ ಕೃತಜ್ಞತೆಯಿಂದ ತೆಗೆದುಕೊಳ್ಳಿ.

"ಪಾಸ್ಟ್ರೇ, ಹೀಗೆ ಮಾಡಿದರೆ ಚೀಟಿಯಷ್ಟು ಹಣ ಬರುತ್ತದಾ?" ಬಾರದೆ ಇರಬಹುದು. ಪವಿತ್ರ ದಾರಿಯಲ್ಲಿ ಯಾವಾಗಲೂ ಹೆಚ್ಚು ಹಣ ಬರುತ್ತದೆ ಅಂತ ನಾನು ಮಾತು ಕೊಡುವುದಿಲ್ಲ, ಅದೂ ಒಂದು ಲಾಟರಿಯ ಮಾತೇ ಆದೀತು. ದೇವದರ್ಶನದ ಗುಡಾರಕ್ಕೆ ಜನರು ಸಾಕು ಸಾಕು ಅನ್ನುವಷ್ಟು ತಂದು ಮೋಶೆಯೇ ನಿಲ್ಲಿಸಬೇಕಾಯಿತು ಅಂತ ವಿಮೋಚನಕಾಂಡ 36ರಲ್ಲಿ ಇದೆ. ಹಾಗೆ ಆದರೆ ಸ್ತೋತ್ರ. ಆಗದಿದ್ದರೆ ಇನ್ನೊಂದು ಎಂಟು ಭಾನುವಾರ ಕೊಡೋಣ, ಮೊದಲು ನಾನು ಮತ್ತು ಹಿರಿಯರು. ಕಡಿಮೆ ಬಿದ್ದದ್ದು ನಮ್ಮ ಹೆಗಲ ಮೇಲೆ ಬೀಳಲಿ. ಓಸಿ ಬಿಟ್ಟು ಎರಡು ವರ್ಷ ಗೆದ್ದ ಒಬ್ಬ ಮನುಷ್ಯನ ಮೇಲೆ ಬೀಳದಿರಲಿ.

ಇದನ್ನು ಒಪ್ಪುವವರು ಮುಂದಿನ ಭಾನುವಾರ ಆರಾಧನೆ ಮುಗಿದ ಮೇಲೆ ಹೇಳಿ. ಒಪ್ಪದವರೂ ಹೇಳಿ, ನಾನು ಕೇಳುತ್ತೇನೆ. ಈಗ ಎಲ್ಲರೂ ಎದ್ದು ನಿಲ್ಲೋಣ, ಪ್ರಾರ್ಥಿಸೋಣ.

ಪರಲೋಕದ ತಂದೆಯೇ, ನಿನಗೆ ಸ್ತೋತ್ರ. ನಿನ್ನ ಒಬ್ಬನೇ ಮಗನನ್ನು ನಮಗೆ ಕೊಡುವಾಗ ನೀನು ಏನನ್ನೂ ಹಿಂದಕ್ಕೆ ಇಟ್ಟುಕೊಳ್ಳಲಿಲ್ಲ. ಹಾಸಿಗೆಯಲ್ಲಿರುವ ನಮ್ಮ ಸಹೋದರನನ್ನು ಮುಟ್ಟು, ಸ್ವಸ್ಥಪಡಿಸು. ಅವರ ಮನೆಯವರ ಕಣ್ಣೀರು ಒರೆಸು. ನಮ್ಮ ಯೌವನಸ್ಥರ ಉತ್ಸಾಹ ಕುಂದದಿರಲಿ. ಜೂಜಿನ ಬಂಧನದಿಂದ ಬಿಡುಗಡೆಯಾದವರನ್ನು ಕಾಪಾಡು, ಇನ್ನೂ ಅದರಲ್ಲಿರುವವರನ್ನು ಬಿಡಿಸು. ಕೇಳುವಾಗ ನಾಚದ ನಾಲಿಗೆ, ಕೊಡುವಾಗ ಲೆಕ್ಕ ಹಾಕದ ಕೈ ನಮಗೆ ಕೊಡು. ಈ ಎರಡು ತಿಂಗಳು ಕಡಲಿಗೆ ಇಳಿಯದ ಮನೆಗಳಲ್ಲಿ ಒಲೆ ಆರದಿರಲಿ. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ. ಆಮೆನ್.